ಸಿಟಿಜನ್ ಮಗಳೂ ಪಾಯಿಂಟಿನ ಅಪ್ಪನೂ

ಬದುಕಿನಲ್ಲಿ ಯಾವುದನ್ನಾದರೂ ನಾನು ಇಷ್ಟಪಟ್ಟು ಆರಿಸಿಕೊಂಡದ್ದು ನೆನಪಿಲ್ಲ. ಪಾಯಿಂಟು ಹೆಚ್ಚು ಬಿದ್ದ ಕಡೆಗೆ ಹೋಗಿದ್ದೇನೆ, ಅಷ್ಟೆ.

ಆಸ್ಟ್ರೇಲಿಯಾಕ್ಕೆ ಓದಲು ಬಂದ ನಮ್ಮ ಕಾಲದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಪಿಆರ್, ಅಂದರೆ ಕಾಯಂ ಆಗಿ ಇಲ್ಲಿರುವ ಪರವಾನಗಿ, ಸಿಗಬೇಕಾದರೆ ವಯಸ್ಸಿಗಿಷ್ಟು, ಇಂಗ್ಲಿಷಿಗಿಷ್ಟು, ಓದಿಗಿಷ್ಟು ಎಂದು ಸರ್ಕಾರ ಪಾಯಿಂಟು ಹಾಕುತ್ತದೆ. ಧಾರವಾಡದಲ್ಲಿ ಬಾಟನಿ ಓದಿ, ಹುಲ್ಲಿನ ಹೂವನ್ನು ಸೂಕ್ಷ್ಮದರ್ಶಕದಲ್ಲಿ ನೋಡುತ್ತ ಮೈಮರೆಯುತ್ತಿದ್ದ ನಾನು ಮೆಲ್ಬರ್ನ್‌ಗೆ ಬಂದು ಅಕೌಂಟಿಂಗ್‌ನಲ್ಲಿ ಮಾಸ್ಟರ್ಸ್ ಮಾಡಿದೆ. ಹುಲ್ಲಿಗೆ ಪಾಯಿಂಟು ಇರಲಿಲ್ಲ. ನನ್ನ ಜೊತೆ ಒಂದೇ ಮನೆಯಲ್ಲಿದ್ದ ಮಂಗಳೂರಿನ ಲಾನ್ಸಿ ಬಿ.ಕಾಂ. ಪದವೀಧರ, ಲೆಕ್ಕ ಅವನಿಗೆ ನೀರು ಕುಡಿದಷ್ಟು ಸುಲಭ. ಅವನು ಅಡುಗೆಯ ಕೋರ್ಸ್ ಸೇರಿದ. ಲೆಕ್ಕ ಬಾರದವನು ಲೆಕ್ಕಿಗನಾದ, ಲೆಕ್ಕ ಬರುವವನು ಈರುಳ್ಳಿ ಹೆಚ್ಚಿದ. ಇಬ್ಬರಿಗೂ ಪಿಆರ್ ಸಿಕ್ಕಿತು. ಇಬ್ಬರೂ ಅದನ್ನು ಜಾಣತನ ಎಂದುಕೊಂಡೆವು.

ಈಗ ನಾನು ಸಿಡ್ನಿಯಲ್ಲಿದ್ದೇನೆ, ಬ್ಲ್ಯಾಕ್‌ಟೌನ್‌ನ ಬಸ್ ಕಂಪನಿಯೊಂದರಲ್ಲಿ ಟಿಕೆಟಿನ ಲೆಕ್ಕ ತಾಳೆ ನೋಡುತ್ತೇನೆ. ಊರಿಗೆ ಫೋನ್ ಮಾಡಿದಾಗ ‘ಫೈನಾನ್ಸ್‌ನಲ್ಲಿದ್ದೇನೆ’ ಎನ್ನುತ್ತೇನೆ. ಪಾಯಿಂಟಿನ ಚಟ ಮಾತ್ರ ಹೋಗಿಲ್ಲ. ಮನೆ ಕೊಳ್ಳುವಾಗ ಸಬರ್ಬ್‌ಗಳಿಗೆ ಪಾಯಿಂಟು ಕೊಟ್ಟೆ. ರೌಸ್ ಹಿಲ್ ಗೆದ್ದಿತು. ಅಂಗಡಿಯಲ್ಲಿ ಬದನೆಕಾಯಿಗೂ ಕೊಡುತ್ತೇನೆ. ಹೆಂಡತಿ ಸಂಧ್ಯಾರಾಣಿ ಒಮ್ಮೆ ಹೇಳಿದ್ದಳು, “ನಮ್ಮಪ್ಪ ನಿಮಗ ಪಾಯಿಂಟ್ ಹಾಕಿ ನೋಡಿದ್ರ ನೀವು ಇನ್ನೂ ಮದುವಿ ಇಲ್ದ ಕುಂದ್ರಬೇಕಾಗಿತ್ತು.”

ಇಂಥ ಅಪ್ಪನ ಮಗಳು ಮಹಾಶ್ವೇತಾ. ಸಿಡ್ನಿಯಲ್ಲಿ ಬಿ.ಕಾಂ. ಮುಗಿಸಿ, ಪರ್‍ರಮಟ್ಟಾದಲ್ಲಿ ಒಂದು ನಿವೃತ್ತಿ ನಿಧಿಯ ಕಚೇರಿಯಲ್ಲಿ ಅರೆಕಾಲಿಕ ಕೆಲಸಕ್ಕಿದ್ದಳು. ನಮ್ಮಂಥವರ ಸಂಬಳದಿಂದ ಮುರಿದಿಟ್ಟ ದುಡ್ಡು ನಾವು ಮುದುಕರಾಗುವ ಹೊತ್ತಿಗೆ ಬೆಳೆದು ನಿಲ್ಲುವಂತೆ ನೋಡಿಕೊಳ್ಳುವ ಕಚೇರಿ ಅದು. ಅದೇ ಕೆಲಸದಲ್ಲಿ ಮುಂದೆ ಹೋಗಬೇಕೆಂದು ಫೈನಾನ್ಸ್ ಮಾಸ್ಟರ್ಸ್‌ಗೆ ಎರಡು ಕಡೆ ಅರ್ಜಿ ಹಾಕಿದಳು. ಮೆಲ್ಬರ್ನ್‌ನಿಂದಲೂ ಸೀಟು ಬಂತು, ಲಂಡನ್ನಿನಿಂದಲೂ ಬಂತು. ಈಸ್ಟರ್ ಮುಗಿದ ಮಂಗಳವಾರದೊಳಗೆ ಯಾವುದಾದರೂ ಒಂದಕ್ಕೆ ‘ಹೂಂ’ ಎನ್ನಬೇಕಿತ್ತು.

ನನ್ನ ಮನಸ್ಸು ಅರ್ಧ ನಿಮಿಷದಲ್ಲಿ ತೀರ್ಪು ಕೊಟ್ಟಿತು. ಮಾಸ್ಟರ್ಸ್ ಎಂದರೆ ಸಮುದ್ರ ದಾಟಬೇಕು. ದೊಡ್ಡ ಸೂಟ್‌ಕೇಸು, ಅದರಲ್ಲಿ ಕುಕ್ಕರು, ಶೇಂಗಾ ಚಟ್ನಿಪುಡಿ, ವಿಮಾನ ನಿಲ್ದಾಣದಲ್ಲಿ ತೂಕ ಹೆಚ್ಚಾಗಿ ಅದರಲ್ಲಿ ಅರ್ಧ ವಾಪಸ್. ಅದಿಲ್ಲದೆ, ಅಮ್ಮನ ಮನೆಯಿಂದ ಕಾರಿನಲ್ಲಿ ಹೋಗಿ ಸೇರುವ ಕಾಲೇಜಿಗೆ ಮಾಸ್ಟರ್ಸ್ ಎನ್ನಲು ಬಾಯಿ ಬರುವುದಾದರೂ ಹೇಗೆ? ಲಂಡನ್ನಿಗೆ ಸಮುದ್ರದ ಪಾಯಿಂಟು, ಚಳಿಯ ಪಾಯಿಂಟು, ಹಳೇ ಕಟ್ಟಡದ ಪಾಯಿಂಟು. ಮೆಲ್ಬರ್ನ್‌ಗೆ ಲಾನ್ಸಿಯ ಮನೆ ಹತ್ತಿರವಿದೆ ಎಂಬ ಒಂದೇ ಪಾಯಿಂಟು.

ಸಂಕ್ರಾಂತಿಗೆ ನಮ್ಮ ಕಡೆಯ ಕುಟುಂಬಗಳೆಲ್ಲ ರೌಸ್ ಹಿಲ್‌ನ ಹಾಲ್‌ನಲ್ಲಿ ಸೇರುತ್ತೇವೆ. ಹೊರಗೆ ಜನವರಿಯ ಕೆಂಡದಂಥ ಬಿಸಿಲು, ಒಳಗೆ ಸಜ್ಜೆ ರೊಟ್ಟಿ, ಎಣ್ಣೆಗಾಯಿ. ನಮ್ಮ ಹಿರಿಯರು ಶಿವಪುತ್ರಪ್ಪನವರು. ಬೆಳಗಾವಿಯಲ್ಲಿ ಹೆಡ್‌ಮಾಸ್ತರರಾಗಿದ್ದು ಈಗ ಮಗನ ಮನೆಯಲ್ಲಿರುವವರು. ಅವರ ಎಡಗಡೆಯ ಹುಬ್ಬು ಮೇಲೆದ್ದರೆ ಇಡೀ ಹಾಲ್ ನಪಾಸು, ಇಳಿದರೆ ಪಾಸು. ಅವರು ಕುಸುರೆಳ್ಳು ಕೊಡುತ್ತ ಮಗಳ ಬಗ್ಗೆ ಕೇಳಿದರು. ಲಂಡನ್ನಿಂದ ಸೀಟು ಬಂದಿದೆ ಎಂದೆ. ಮೆಲ್ಬರ್ನ್‌ನ ಮಾತು ನಾಲಿಗೆಯ ತುದಿಯಲ್ಲಿತ್ತು. ಅಷ್ಟರಲ್ಲಿ ಅವರು ಮೈಕ್ ಹಿಡಿದಿದ್ದರು.

“ನಮ್ಮ ಶಶಿಧರನ ಮಗಳು ಲಂಡನ್ನಿಗೆ ಹೊಂಟಾಳ. ಚಪ್ಪಾಳಿ ಬರಲಿ.”

ತಿದ್ದಬಹುದಿತ್ತು. ಬಾಯಿತುಂಬ ಕುಸುರೆಳ್ಳಿತ್ತು ಎಂದು ಆಮೇಲೆ ಸಂಧ್ಯಾರಾಣಿಗೆ ಸಬೂಬು ಹೇಳಿದೆ. ಮಗಳು ಚಪ್ಪಾಳೆ ಮುಗಿಯುವವರೆಗೆ ನಕ್ಕಂತೆ ನಿಂತಿದ್ದಳು. ಆ ನಗುವನ್ನು ನಾನು ಸಂತೋಷ ಎಂದು ಓದಿದೆ. ಸೂಕ್ಷ್ಮದರ್ಶಕ ಬಿಟ್ಟು ಬಹಳ ವರ್ಷವಾಗಿತ್ತು.

ಅಲ್ಲಿಂದ ನಾನು ಲಂಡನ್ನಿನ ಅಪ್ಪನಾದೆ. ಮಗಳು “ಐ ಆಮ್ ಸ್ಟಿಲ್ ಥಿಂಕಿಂಗ್, ಅಪ್ಪಾ” ಎಂದು ಎರಡು ಸಲ ಹೇಳಿದಳು. ಯೋಚಿಸಲಿ, ಯೋಚಿಸುವ ಹುಡುಗಿಯೇ ಲಂಡನ್ನಿಗೆ ಹೋಗುವುದು ಎಂದುಕೊಂಡೆ. ಸಿಡ್ನಿಯ ಸುಡುಬಿಸಿಲಲ್ಲಿ ಅಂಗಡಿ ಅಂಗಡಿ ತಿರುಗಿ ಅವಳಿಗೊಂದು ಉಣ್ಣೆಯ ಕೋಟು ತಂದೆ. ಅಳತೆ ತಪ್ಪಿತ್ತು. ಸಂಧ್ಯಾರಾಣಿ ಅದನ್ನು ನನಗೇ ತೊಡಿಸಿ ನೋಡಿ, “ನಿಮಗ ಬರೋಬ್ಬರಿ ಆಗೈತಿ. ಹೋಗಿ ಬರ್‍ರಿ” ಎಂದಳು.

ಈಸ್ಟರ್‌ಗೆ ಲಾನ್ಸಿಯ ಮನೆಗೆ ಹೋಗುವುದು ನಮ್ಮ ಪದ್ಧತಿ. ಮೂವರೂ ಕಾರಿನಲ್ಲಿ ಹೊರಟೆವು. ಗೋಲ್ಬರ್ನ್ ದಾಟಿದ ಮೇಲೆ ಬಯಲು ಹೊಂಬಣ್ಣಕ್ಕೆ ತಿರುಗಿ, ಗುಡ್ಡಗಳು ಮಲಗಿದ ದನಗಳಂತೆ ಕಂಡವು. ರಸ್ತೆಯ ಬದಿಯ ಹುಲ್ಲು ತೆನೆ ಬಿಟ್ಟಿತ್ತು. ಅದರ ಹೆಸರು ನನಗೆ ಗೊತ್ತಿತ್ತು, ಯಾರೂ ಕೇಳಲಿಲ್ಲ. ಮಾತು ಮೆಲ್ಬರ್ನ್‌ನ ಸೀಟಿನ ಕಡೆ ತಿರುಗಿದಾಗ, ಪಕ್ಷಪಾತಿ ಎನಿಸಿಕೊಳ್ಳಬಾರದೆಂದು ಅದಕ್ಕೂ ಒಂದು ಒಳ್ಳೆಯ ಮಾತು ಹೇಳಹೊರಟೆ.

“ಅಲ್ಲೇ ಓದೂದಾದ್ರ ನಗರದಾಗ ಬ್ಯಾಡ. ಹೊರಗಿನ ಊರಿನ ಕ್ಯಾಂಪಸ್ ತಗೋ. ಐದ ಪಾಯಿಂಟ್ ಜಾಸ್ತಿ ಸಿಗ್ತಾವ.”

ಹಿಂದಿನ ಸೀಟಿನಿಂದ, ಯಾವುದಕ್ಕೆ ಎಂದು ಕೇಳಿದಳು.

“ಪಿಆರ್‌ಗೆ.”

ಮಗಳು ರೋಗಿಗೆ ಹೇಳುವಷ್ಟು ಮೆತ್ತಗೆ ಹೇಳಿದಳು: “ಅಪ್ಪಾ. ಐ ಆಮ್ ಎ ಸಿಟಿಜನ್.”

ಸಂಧ್ಯಾರಾಣಿ ಬಿಕ್ಕಳಿಕೆ ಬರುವವರೆಗೆ ನಕ್ಕಳು. ಮಗಳ ಪೌರತ್ವದ ಸಮಾರಂಭದಲ್ಲಿ ಅವಳ ಕೈಗೆ ಗಿಡ ಕೊಟ್ಟಾಗ ಮುಂದಿನ ಸಾಲಿನಲ್ಲಿ ಕಣ್ಣೊರೆಸಿಕೊಂಡವನು ನಾನೇ. ಗಿಡ ಇನ್ನೂ ಹಿತ್ತಲಲ್ಲಿದೆ, ನಾನೇ ನೀರು ಹಾಕುತ್ತೇನೆ. ಆದರೂ ತಲೆಯೊಳಗಿನ ಕ್ಯಾಲ್ಕುಲೇಟರ್ ಅವಳನ್ನು ಇನ್ನೂ ವೀಸಾದ ಮೇಲೆ ಇಟ್ಟುಕೊಂಡಿತ್ತು.

ಮೆಲ್ಬರ್ನ್‌ನ ಅಂಚಿನ ಟಾರ್ನೀಟ್‌ನಲ್ಲಿರುವ ಲಾನ್ಸಿ ಈಗ ಆಸ್ಪತ್ರೆಯೊಂದರ ಅಡುಗೆಮನೆಗೆ ಮುಖ್ಯಸ್ಥ. ಅವನ ಹೆಂಡತಿ ಎಮಿಲಿಯಾನಾ ಮಾಂಸ ತಿನ್ನದ ನಮಗಾಗಿ ಬೇರೆ ಪಾತ್ರೆಯಲ್ಲಿ ತೊಂಡೆಕಾಯಿ ಕಡಲೆ ಗಸಿ ಮಾಡಿ, ಇಡ್ಲಿಯಂಥ ಸಣ್ಣಗಳನ್ನು ಬಾಳೆಲೆಯ ಮೇಲೆ ಬಿಸಿಬಿಸಿ ಇಟ್ಟಿದ್ದಳು. ಅವರ ಮಗ ನೈಜೆಲ್ ಬಂದಿದ್ದ. ಅವನು ಲಂಡನ್ನಿನಲ್ಲಿ ಇದೇ ಫೈನಾನ್ಸ್ ಓದಿ ವಾಪಸಾಗಿ ಮೆಲ್ಬರ್ನ್‌ನ ನಿಧಿಯೊಂದರಲ್ಲಿ ಕೆಲಸಕ್ಕಿದ್ದಾನೆ. ನನ್ನ ಪಾಲಿಗೆ ಅವನು ಸಾಕ್ಷಿ. ಊಟಕ್ಕೆ ಕೂತ ಕೂಡಲೇ ಲಂಡನ್ ಹೇಗೆ ಎಂದು ಕೇಳಿದೆ, ಉತ್ತರ ಮೊದಲೇ ಗೊತ್ತಿದ್ದ ವಕೀಲನ ಹಾಗೆ.

ಲಂಡನ್ ತುಂಬ ಚೆನ್ನಾಗಿತ್ತು, ಪಾಠ ಚೆನ್ನಾಗಿತ್ತು, ನಾಟಕ ನೋಡಿದೆ ಎಂದ. ನಾನು ಮಗಳ ಕಡೆ ನೋಡಿದೆ. ಆದರೆ ಅಲ್ಲಿ ಹೋಗಿ ಇಳಿದ ವಾರವೇ ಕೆಲಸಕ್ಕೆ ಅರ್ಜಿ ಹಾಕಲು ಶುರುಮಾಡಬೇಕಾಯಿತಂತೆ, ಪಾಠ ಇನ್ನೂ ಆರಂಭವೇ ಆಗಿರಲಿಲ್ಲ. ಸಂದರ್ಶನ ಎಷ್ಟೇ ಚೆನ್ನಾಗಿ ಹೋದರೂ ಕೊನೆಗೆ ವೀಸಾದ ಪ್ರಶ್ನೆ ಬರುತ್ತಿತ್ತಂತೆ. ವಾಪಸ್ ಬಂದರೆ ಇಲ್ಲೇ ಓದಿದವರೆಲ್ಲ ಆಗಲೇ ಒಬ್ಬರಿಗೊಬ್ಬರು ಪರಿಚಿತರು. ಓದುವಾಗಲೇ ಇಲ್ಲಿನ ನಿಧಿಗಳಲ್ಲಿ ಅರ್ಧ ವರ್ಷ ಕೆಲಸ ಕಲಿತವರು. ಕತ್ತಲಲ್ಲಿ ಸಿನಿಮಾಕ್ಕೆ ತಡವಾಗಿ ಬಂದವನಂತೆ ಅವನು ಸೀಟು ಹುಡುಕಿಕೊಳ್ಳಬೇಕಾಯಿತು.

“ಲಂಡನ್ನಲ್ಲೇ ಕೆಲ್ಸ ಮಾಡ್ಬೇಕು ಅಂತಿದ್ರೆ ಲಂಡನ್ನಲ್ಲೇ ಓದ್ಲಿ, ಅಂಕಲ್,” ಎಂದ. “ಎಲ್ಲಿ ಕೆಲ್ಸ ಬೇಕೋ ಅಲ್ಲಿ ಓದುದು. ಅಷ್ಟೇ ಉಂಟು ಅದ್ರಲ್ಲಿ.”

ನನ್ನ ಸಾಕ್ಷಿ ಎದುರು ಪಕ್ಷ ಸೇರಿದ. ಲಾನ್ಸಿ ನನ್ನ ಮುಖ ನೋಡಿ ಖುಷಿಪಟ್ಟ. “ಎಂತ ಮಾರಾಯ, ನಾವು ಎಂತಕ್ಕೆ ಬಂದದ್ದು? ಕಾಲೇಜು ನೋಡಿಯಾ? ನಿನ್ನ ಕಾಲೇಜು ನೆನಪುಂಟಾ? ಕೆಳಗೆ ನೂಡಲ್ಸ್, ಮೇಲೆ ನೀನು.”

ಮಗಳಿಗೆ ನನ್ನ ಕಾಲೇಜು ನೋಡಬೇಕೆನಿಸಿತು. ಸೋಮವಾರ ನಾವಿಬ್ಬರೇ ಟ್ರೇನು ಹಿಡಿದು ಮೆಲ್ಬರ್ನ್ ನಗರದೊಳಕ್ಕೆ ಹೋದೆವು. ಯೂನಿವರ್ಸಿಟಿಯ ಬಗ್ಗೆ ಅವಳಿಗೆ ನಾನು ಹೇಳಿದ್ದ ಕಥೆಗಳಲ್ಲಿ ಹುಲ್ಲುಹಾಸು, ಗಡಿಯಾರದ ಗೋಪುರ ಎಲ್ಲ ಇದ್ದವು. ಅವು ಬೇರೆಯವರ ಯೂನಿವರ್ಸಿಟಿಯವು. ನಾನು ಓದಿದ ಕಾಲೇಜು ಒಂದು ಕಿರುರಸ್ತೆಯಲ್ಲಿ ಎರಡನೆಯ ಮಹಡಿ. ನೂಡಲ್ಸ್ ಅಂಗಡಿ ಹಾಗೇ ಇತ್ತು. ಮೆಟ್ಟಿಲು ಹತ್ತಿ ಹೋದರೆ, ನಾನು ತೆರಿಗೆ ಕಾನೂನು ಕೇಳಿಸಿಕೊಂಡ ಕೋಣೆಯಲ್ಲಿ ಜಿಮ್. ಒಂದು ಸಾಲು ಜನ ಟ್ರೆಡ್‌ಮಿಲ್ಲಿನ ಮೇಲೆ ಬೆವರು ಸುರಿಸಿ ಓಡುತ್ತಿದ್ದರು, ಯಾರೂ ಎಲ್ಲಿಗೂ ಹೋಗುತ್ತಿರಲಿಲ್ಲ. ಅಲ್ಲಿ ದೊಡ್ಡ ಬದಲಾವಣೆಯೇನೂ ಆಗಿರಲಿಲ್ಲ ಎಂದುಕೊಂಡೆ.

ಇಬ್ಬರೂ ಮೆಟ್ಟಿಲ ಮೇಲೆ ಕೂತೆವು. ಇಲ್ಲಿ ಏನು ಇಷ್ಟವಾಗಿತ್ತು ಎಂದು ಕೇಳಿದಳು. ಯೋಚಿಸಿದೆ. ಕಿಟಕಿಯ ಹೊರಗೆ, ಇಟ್ಟಿಗೆಯ ಸಂದಿಯಲ್ಲಿ ಒಂದು ಜರೀಗಿಡ ಇತ್ತು. ಪಾಠದ ಹೊತ್ತಿನಲ್ಲಿ ಅದು ಎಲೆ ಬಿಚ್ಚುವುದನ್ನು ನೋಡುತ್ತಿದ್ದೆ. ಅದನ್ನೇ ಹೇಳಿದೆ. ನಂತರ, ಅಪ್ಪನ ಗತ್ತು ಪೂರ್ತಿ ಇಳಿದುಹೋಗಬಾರದೆಂದು, ಲಂಡನ್ನಿನಲ್ಲಿ ಜಿಮ್ಮಿನಲ್ಲಿ ಓದುವ ಕಷ್ಟ ನಿನಗಿಲ್ಲ ಎಂದು ಸೇರಿಸಿದೆ.

“ನಾಳೆ ಲಂಡನ್‌ಗೆ ಎಸ್ ಅಂತ ಕ್ಲಿಕ್ ಮಾಡ್ತೀನಿ, ಅಪ್ಪಾ.”

ಗೆದ್ದೆ ಎನಿಸಬೇಕಿತ್ತು. ಯಾಕೆ ಎಂದು ಕೇಳಿದೆ.

“ನೀವು ಎಲ್ರಿಗೂ ಹೇಳಿದೀರಲ್ಲ.”

ಉಳಿದದ್ದನ್ನು ಅವಳು ಇಂಗ್ಲಿಷಿನಲ್ಲಿ ಹೇಳಿದಳು, ಕನ್ನಡಕ್ಕೆ ತರುತ್ತಿರುವವನು ನಾನು. ಅವಳಿಗೆ ಕೆಲಸ ಬೇಕಿದ್ದದ್ದು ಇಲ್ಲಿಯೇ. ಇಲ್ಲಿನ ನರ್ಸುಗಳ, ಬಸ್ ಚಾಲಕರ, ಆಸ್ಪತ್ರೆಯ ಅಡುಗೆಯವರ ಮುಪ್ಪಿನ ದುಡ್ಡನ್ನು ಕಾಯುವ ಕೆಲಸ. ಮೆಲ್ಬರ್ನ್‌ನ ಕೋರ್ಸಿನಲ್ಲಿ ಅರ್ಧ ವರ್ಷ ಅಂಥ ನಿಧಿಯಲ್ಲೇ ಕಲಿಸುತ್ತಾರೆ. ಲಂಡನ್ನಿಗೆ ಹೋದರೆ ವೀಸಾಕ್ಕಾಗಿ ಸಿಕ್ಕಿದ ಕೆಲಸ ಹಿಡಿದು, ಬಾಡಿಗೆ ಕೋಣೆಯ ಕಿಟಕಿಯಲ್ಲಿ ಜರೀಗಿಡ ನೋಡುತ್ತ ಕೂರಬೇಕಾಗುತ್ತದೆ. ಅದನ್ನು ನೀವು ಆಗಲೇ ಮಾಡಿ ಮುಗಿಸಿದ್ದೀರಲ್ಲ, ಅಪ್ಪಾ ಎಂದಳು. ಆದರೂ ಹೋಗುತ್ತೇನೆ, ಒಂದೇ ವರ್ಷ ತಾನೆ, ನಿಮ್ಮ ಮುಖ ಚಿಕ್ಕದಾಗಬಾರದು ಎಂದಳು.

ಈ ಜಾಗದಲ್ಲಿ ಒಳ್ಳೆಯ ಅಪ್ಪನೊಬ್ಬ ತಕ್ಷಣ ಮಗಳ ತಲೆ ನೇವರಿಸುತ್ತಿದ್ದ. ನಾನು ಲೆಕ್ಕ ಹಾಕಿದೆ. ತಕ್ಕಡಿಯ ಒಂದು ಕಡೆ ಮಗಳ ಬದುಕು, ಇನ್ನೊಂದು ಕಡೆ ಶಿವಪುತ್ರಪ್ಪನವರ ಹುಬ್ಬು. ಹೇಳಲು ನಾಚಿಕೆ, ಮುಳ್ಳು ಸ್ವಲ್ಪ ಹೊತ್ತು ನಟ್ಟನಡುವೆಯೇ ನಿಂತಿತ್ತು. ಒಳಗೆ ಯಾರೋ ಟ್ರೆಡ್‌ಮಿಲ್ಲಿನಿಂದ ಇಳಿದು ಉಸ್ಸೆಂದರು. ನನ್ನ ಧೈರ್ಯದ ಆಯುಸ್ಸು ಎಷ್ಟೆಂದು ನನಗೆ ಗೊತ್ತು. ಅದು ತೀರುವ ಮೊದಲೇ ಫೋನ್ ತೆಗೆದು, ಅವಳಿಗೂ ಕೇಳುವಂತೆ ಸ್ಪೀಕರ್ ಹಾಕಿ, ಶಿವಪುತ್ರಪ್ಪನವರಿಗೇ ಕರೆಮಾಡಿದೆ.

“ಸರ್, ಮಹಾಶ್ವೇತಾ ಲಂಡನ್ನಿಗೆ ಹೋಗಂಗಿಲ್ರಿ. ಮೆಲ್ಬರ್ನ್‌ನಾಗ ಓದ್ತಾಳ.”

ಆ ಕಡೆ ಹುಬ್ಬು ಏಳುವುದು ನನಗೆ ಕೇಳಿಸಿತು.

“ವೀಸಾ ಕ್ಯಾನ್ಸಲ್ ಆತೇನಪಾ?”

“ಇಲ್ರಿ. ಸೀಟ್ ಐತಿ. ಆಕಿಗೆ ಬ್ಯಾಡಾಗೈತಿ. ನನಗ ಬೇಕಾಗಿತ್ತು, ಆದ್ರ ಓದಾಕಿ ಆಕಿ ಅಲ್ರಿ?”

“ಇರಲಿ, ಇರಲಿ,” ಎಂದರು, ಸತ್ತವರ ಮನೆಗೆ ಹೋದಾಗಿನ ದನಿಯಲ್ಲಿ. “ಎಲ್ಲಾರಿಗೂ ಆಗೂದಿಲ್ಲ. ಮನಸ್ಸಿಗೆ ಹಚ್ಚಿಕೋಬ್ಯಾಡ.”

ಫೋನ್ ಇಟ್ಟೆ. ಮಹಾಶ್ವೇತಾ ಮೊಣಕಾಲ ನಡುವೆ ಮುಖ ಹುದುಗಿಸಿದ್ದಳು. ಅಳುತ್ತಿದ್ದಾಳೆ ಎಂದುಕೊಂಡು ಭುಜ ಮುಟ್ಟಿದೆ. ನಗುತ್ತಿದ್ದಳು. ಕಣ್ಣಲ್ಲಿ ನೀರೂ ಇತ್ತು, ಅದನ್ನು ನಾನು ನೋಡದವನಂತೆ ಎದ್ದು ಕೆಳಗಿನ ಅಂಗಡಿಯಲ್ಲಿ ನೂಡಲ್ಸ್ ಹೇಳಿದೆ. ಆ ಕಾಲೇಜಿನಲ್ಲಿ ಓದುವಾಗ ಒಮ್ಮೆಯೂ ಅಲ್ಲಿ ಕೂತು ತಿಂದಿರಲಿಲ್ಲ. ಚೆನ್ನಾಗಿತ್ತು. ಅಲ್ಲೇ, ಮರುದಿನದವರೆಗೆ ಕಾಯದೆ, ಅವಳು ಮೆಲ್ಬರ್ನ್‌ಗೆ ಎಸ್ ಒತ್ತಿದಳು.

ಬಸವ ಜಯಂತಿಗೆ ಎಲ್ಲರೂ ಮತ್ತೆ ಅದೇ ಹಾಲ್‌ನಲ್ಲಿ ಸೇರಿದೆವು. ಸುದ್ದಿ ನನಗಿಂತ ಮೊದಲೇ ಬಂದು ಕೂತಿತ್ತು. ಜನ ಒಬ್ಬೊಬ್ಬರಾಗಿ ಬಂದು ನನ್ನ ಕೈ ಹಿಡಿದರು. ಒಬ್ಬರು ಮುಂದಿನ ವರ್ಷ ಮತ್ತೆ ಪ್ರಯತ್ನಿಸಲಿ ಎಂದರು. ಇನ್ನೊಬ್ಬರು ಲಂಡನ್ನಿನ ಹವೆಯೂ ಅಷ್ಟಕ್ಕಷ್ಟೇ ಎಂದು ಸಮಾಧಾನ ಹೇಳಿದರು. ಸೀಟು ಸಿಕ್ಕಿತ್ತು, ಅವಳೇ ಬೇಡವೆಂದಳು ಎಂದು ಮೊದಲಿನ ನಾಲ್ಕೈದು ಜನಕ್ಕೆ ವಿವರಿಸಿದೆ. ವಿವರಿಸಿದಷ್ಟೂ ಅವರ ಕಣ್ಣಲ್ಲಿ ಕರುಣೆ ಹೆಚ್ಚಿತು. ಆಮೇಲೆ ಬಿಟ್ಟೆ. ಮೂಲೆಯಲ್ಲಿ ಮಗಳು ತನ್ನ ಗೆಳತಿಯರಿಗೆ ಟಾರ್ನೀಟ್‌ನಲ್ಲಿ ಹಿಡಿದ ಕೋಣೆಯ ಫೋಟೊ ತೋರಿಸುತ್ತಿದ್ದಳು. ಸಂಕ್ರಾಂತಿಯ ನಗುವಿಗೂ ಈ ನಗುವಿಗೂ ಎಷ್ಟು ವ್ಯತ್ಯಾಸವಿತ್ತೆಂದರೆ, ಬರಿಗಣ್ಣಿಗೂ ಕಾಣುತ್ತಿತ್ತು.

ಊಟಕ್ಕೆ ಕೂತಾಗ ಶಿವಪುತ್ರಪ್ಪನವರು ತಾವೇ ಬಂದು, ಹುಬ್ಬು ಪೂರ್ತಿ ಇಳಿಸಿ, ನೊಂದವನಿಗೆಂದು ನನ್ನ ಎಲೆಗೆ ಒಂದು ಹೋಳಿಗೆ ಹೆಚ್ಚು ಹಾಕಿದರು. ನಾನು ಬೇಡವೆನ್ನಲಿಲ್ಲ.

ಪಕ್ಕದಲ್ಲಿ ಕೂತಿದ್ದ ಸಂಧ್ಯಾರಾಣಿ ತಲೆ ಎತ್ತದೆ, ನನಗಷ್ಟೇ ಕೇಳುವಂತೆ ಹೇಳಿದಳು: “ಮಾರಿ ಇನ್ನೂ ಸ್ವಲ್ಪ ಸಣ್ಣದ ಮಾಡ್ರಿ. ತುಪ್ಪಾನೂ ಬರತೈತಿ.”