ಅವರೆಕಾಯಿ ರಾಶಿಯೂ ಮೆತ್ತನೆಯ ಕುರ್ಚಿಯೂ

ನಮ್ಮ ಮನೆಯಲ್ಲಿ ಒಂದು ಮೆತ್ತನೆಯ ಕುರ್ಚಿ ಇದೆ. ನಾನು ತಾಲ್ಲೂಕು ಕಚೇರಿಯ ಶಿರಸ್ತೇದಾರಿಕೆಯಿಂದ ನಿವೃತ್ತನಾದ ದಿನ ಸಹೋದ್ಯೋಗಿಗಳು ಶಾಲು, ಹಾರ, ಹೊಗಳಿಕೆಗಳ ಜೊತೆಗೆ ಕೊಟ್ಟದ್ದು. ಹಾರ ಮಾರನೆಯ ದಿನ ಬಾಡಿತು, ಶಾಲಿಗೆ ನುಸಿ ಹಿಡಿಯಿತು, ಹೊಗಳಿಕೆಯನ್ನು ನನ್ನ ಹೆಂಡತಿ ಜಯಮ್ಮ ಮೊದಲಿಗೇ ನಂಬಲಿಲ್ಲ; ಉಳಿದದ್ದು ಕುರ್ಚಿ. ಅದರಲ್ಲಿ ನನ್ನ ಹೊರತು ಯಾರೂ ಕೂರತಕ್ಕದ್ದಲ್ಲ ಎಂಬ ಅಲಿಖಿತ ಆದೇಶ ಆರು ವರ್ಷದಿಂದ ಜಾರಿಯಲ್ಲಿತ್ತು. ಕಳೆದ ಚಳಿಗಾಲದಲ್ಲಿ ಅದನ್ನು ನಾನು ಡೆನ್ಮಾರ್ಕಿನ ಹತ್ತೊಂಬತ್ತು ವರ್ಷದ ಹುಡುಗಿಯೊಬ್ಬಳಿಗೆ ಬಿಟ್ಟುಕೊಟ್ಟೆ ಎಂದರೆ ನನ್ನ ತ್ಯಾಗದ ಅಳತೆ ನಿಮಗೆ ತಿಳಿದೀತು.

ಹುಡುಗಿಯ ಹೆಸರು ಸೋಫಿ. ದೇಶದೇಶಗಳ ನಡುವೆ ಯುವಕ ಯುವತಿಯರನ್ನು ಅದಲುಬದಲು ಮಾಡುವ ಕಾರ್ಯಕ್ರಮವೊಂದರಲ್ಲಿ ಎಂಟು ಮಂದಿ ಹೊಸಕೋಟೆಗೆ ಬಂದಿದ್ದರು. ನಮ್ಮ ಕಡೆಯ ಎಂಟು ಮಕ್ಕಳು ಆಗಲೇ ಅಲ್ಲಿಗೆ ಹೋಗಿ, ಹಿಮದಲ್ಲಿ ಜಾರಿಬಿದ್ದು ಫೋಟೋ ಕಳಿಸುತ್ತಿದ್ದರು. ಬಂದವರನ್ನು ಮೂರು ವಾರ ಮನೆಗೊಬ್ಬರಂತೆ ಇಟ್ಟುಕೊಳ್ಳಬೇಕು. ಉಸ್ತುವಾರಿ ಕಾಲೇಜಿನ ಮೇಷ್ಟ್ರು ಮಂಜುನಾಥರದು. "ಸಾರ್, ಅನುಗೊಂಡನಹಳ್ಳಿ ಕಡೆ ಅಂದ್ರೆ ನಂಗೆ ನಿಮ್ಮನೆ ಬಿಟ್ಟು ಇನ್ನೊಂದು ಹೊಳೀಲೇ ಇಲ್ಲ" ಎಂದು ನನ್ನನ್ನು ಒಪ್ಪಿಸಿದರು. ಉಳಿದ ಏಳು ಮನೆಗಳಲ್ಲೂ ಊರಿನ ಹೆಸರು ಬದಲಿಸಿ ಇದೇ ಮಾತನ್ನು ಹೇಳಿದ್ದರೆಂದು ಆಮೇಲೆ ತಿಳಿಯಿತು.

ತಿಥಿ ನೋಡದೆ ಬರುವವನು ಅತಿಥಿ ಎಂದು ಬಲ್ಲವರು ಹೇಳುತ್ತಾರೆ. ಸೋಫಿ ಬರುವ ತಿಥಿ, ವಾರ, ವಿಮಾನದ ಹೊತ್ತು, ಕಡಲೆಕಾಯಿ ಒಗ್ಗುತ್ತದೆಯೋ ಇಲ್ಲವೋ ಎಂಬುದೆಲ್ಲ ಮೂರು ತಿಂಗಳು ಮೊದಲೇ ಕಾಗದದಲ್ಲಿ ಬಂದಿತ್ತು. ಆದ್ದರಿಂದ ಕಟ್ಟುನಿಟ್ಟಾಗಿ ನೋಡಿದರೆ ಅವಳು ಅತಿಥಿಯೇ ಅಲ್ಲ ಎಂದು ನಾನು ವಾದ ಮಂಡಿಸಿದೆ. ಜಯಮ್ಮ ಅದನ್ನು ವಿಚಾರಣೆಗೂ ಎತ್ತಿಕೊಳ್ಳದೆ ವಜಾ ಮಾಡಿದಳು.

ನಮ್ಮಲ್ಲಿ ಬಂದವರನ್ನು ದೇವರಂತೆ ನೋಡಿಕೊಳ್ಳುವುದು ರೂಢಿ. ಜಯಮ್ಮ ಅದನ್ನು ಅಕ್ಷರಶಃ ಪಾಲಿಸಿದಳು: ಎತ್ತರದ ಪೀಠದಲ್ಲಿ ಪ್ರತಿಷ್ಠಾಪಿಸಿದಳು, ಹೊತ್ತುಹೊತ್ತಿಗೆ ನೈವೇದ್ಯ ಇಟ್ಟಳು, ಸ್ವಲ್ಪ ದೂರ ನಿಂತು ನೋಡಿದಳು. ಸೋಫಿ ತಾನು ಉಂಡ ತಟ್ಟೆಯನ್ನು ಎತ್ತಿದರೆ ಓಡಿಬಂದು ಕಿತ್ತುಕೊಳ್ಳುವಳು. ಪೊರಕೆ ಮುಟ್ಟಿದರೆ ಹೌಹಾರುವಳು. "ಅಯ್ಯೋ, ಬಿಡಿ ಬಿಡಿ, ನೀವ್ಯಾಕೆ ಮುಟ್ತೀರಾ, ಮೇಲೆ ಕುಂತ್ಕಳಿ." ಹುಡುಗಿಗೆ ಕನ್ನಡ ಬಾರದು, ಇವಳಿಗೆ ಇಂಗ್ಲಿಷ್ ಬಾರದು, ಆದರೆ ಕೈ ಕುರ್ಚಿಯ ಕಡೆ ತೋರಿಸುತ್ತಿದ್ದುದರಿಂದ ಅರ್ಥಕ್ಕೆ ಕೊರತೆಯಿರಲಿಲ್ಲ.

ಇನ್ನು ಅದು ಅವರೆಕಾಯಿ ಕಾಲ. ನಮ್ಮ ಸೀಮೆಯಲ್ಲಿ ಆ ಎರಡು ತಿಂಗಳು ಯಾರ ಮನೆಗೆ ಹೋದರೂ ನಡುಮನೆಯಲ್ಲಿ ಅವರೆಕಾಯಿ ರಾಶಿ ಇರುತ್ತದೆ. ಬಂದವರು ಕೇಳುವುದಿಲ್ಲ, ಮನೆಯವರು ಹೇಳುವುದಿಲ್ಲ. ಚಕ್ಕಳಮಕ್ಕಳ ಹಾಕಿ ಕೂತ ಮರುಗಳಿಗೆ ಬಂದವರ ಕೈ ತಾನಾಗಿ ಕಾಯಿ ಸುಲಿಯತೊಡಗುತ್ತದೆ. ಜಗಳ ಆಡಲು ಬಂದವರೂ ಸುಲಿಯುತ್ತಲೇ ಆಡುತ್ತಾರೆ. ಅದು ಕೆಲಸವೆಂದು ಯಾರೂ ಲೆಕ್ಕಕ್ಕೆ ಹಿಡಿದಿಲ್ಲ. ಹೀಗಾಗಿ ಪ್ರತಿ ಸಂಜೆ ಜಯಮ್ಮನೂ ಪಕ್ಕದ ಮನೆಯ ಮುನಿಯಮ್ಮನೂ ನೆಲದ ಮೇಲೆ ರಾಶಿಯ ಸುತ್ತ ಕೂತು ನಗುತ್ತಿದ್ದರು. ಎರಡು ಮಾರು ಆಚೆ ಸೋಫಿ ಕುರ್ಚಿಯಲ್ಲಿ ಕೂತು, ಅವರು ನಕ್ಕಾಗ ತಾನೂ ಒಂದಿಷ್ಟು ನಗುತ್ತಿದ್ದಳು. ನಾನು ಪ್ಲಾಸ್ಟಿಕ್ ಕುರ್ಚಿಯಲ್ಲಿದ್ದು ನನ್ನ ತ್ಯಾಗವನ್ನೇ ನೆನೆಯುತ್ತಿದ್ದುದರಿಂದ ಇದನ್ನು ಗಮನಿಸಲಿಲ್ಲ.

ಏಳನೆಯ ದಿನ, ಶನಿವಾರ, ಮಂಜುನಾಥರು ಬಂದರು. ಸೋಫಿ ಹಿತ್ತಲಿನಲ್ಲಿದ್ದಳು. ಅವರು ದನಿ ತಗ್ಗಿಸಿ, "ಸಾರ್, ಬೇಜಾರು ಮಾಡ್ಕೋಬೇಡಿ. ಸೋಮವಾರ ಹುಡುಗೀನ ಬೇರೆ ಮನೆಗೆ ಕರ್ಕೊಂಡು ಹೋಗ್ತೀನಿ. ಅವಳೇ ಕೇಳಿದ್ಲು" ಎಂದರು. ಆ ಮಕ್ಕಳು ದಿನವೂ ಒಂದು ದಿನಚರಿ ಬರೆಯಬೇಕಂತೆ: ಇಂದು ಮನೆಯವರೊಡನೆ ಏನು ಮಾಡಿದೆ? ಸೋಫಿ ಆರು ದಿನವೂ ಒಂದೇ ಮಾತು ಬರೆದಿದ್ದಳು. 'ಕೂತಿದ್ದೆ.' ಈ ಮನೆಯವರಿಗೆ ನಾನು ಹಿಡಿಸಿಲ್ಲ, ಹತ್ತಿರ ಸೇರಿಸುತ್ತಿಲ್ಲ ಎಂದು ಮೇಷ್ಟ್ರ ಮುಂದೆ ಕಣ್ಣೊರೆಸಿಕೊಂಡಳಂತೆ.

ಮೇಷ್ಟ್ರು ಹೋದ ಮೇಲೆ ಜಯಮ್ಮ ರಾಶಿಯ ಮುಂದೆ ಕೂತಳು. ಮುನಿಯಮ್ಮ ಬಂದು ಎದುರು ಕೂತು ಸುಲಿಯತೊಡಗಿದ್ದೇ ತಡ, ಕಟ್ಟೆ ಒಡೆಯಿತು. "ನೀನೇ ಹೇಳು ಮುನಿಯಕ್ಕ, ನಾನೇನು ಕಮ್ಮಿ ಮಾಡ್ದೆ? ಒಂದು ಲೋಟ ತೊಳೆಯಾಕ್ ಬಿಟ್ಟಿದೀನಾ?"

ಮುನಿಯಮ್ಮ ಕೈ ನಿಲ್ಲಿಸದೆ ಹೇಳಿದಳು: "ನೀನು ನೆಂಟರ ತರ ನೋಡ್ಕಂಡೆ, ಅವಳು ನೆಂಟರ ತರ ಎದ್ದೋಯ್ತಾಳೆ. ಅದ್ರಾಗೇನೈತೆ ತಪ್ಪು?"

ಮೂವತ್ತು ವರ್ಷದ ನೌಕರಿಯಲ್ಲಿ ಇಷ್ಟು ಚಿಕ್ಕ, ಇಷ್ಟು ಸ್ಪಷ್ಟ ಆದೇಶವನ್ನು ನಾನು ಯಾವ ಕಡತದಲ್ಲೂ ಓದಿರಲಿಲ್ಲ. ಬಂದವರನ್ನು ದೇವರು ಮಾಡಿ ಕೂರಿಸಿದ ಮೇಲೆ ಅವರಿಗೆ ಇರಲು ಗರ್ಭಗುಡಿಯೊಂದೇ. ಅಡುಗೆಮನೆಗೆ ಬಂದು ಹರಟೆ ಹೊಡೆಯಲು ದೇವರಿಗೆ ಅವಕಾಶವಿಲ್ಲ.

ಜಯಮ್ಮ ಹಿತ್ತಲಿಗೆ ಕೇಳುವಂತೆ, "ಸೋಫಿ, ಬಾ ಇಲ್ಲಿ" ಎಂದಳು. ಹುಡುಗಿ ಬಂದು ಅಭ್ಯಾಸಬಲದಿಂದ ಕುರ್ಚಿಯ ಕಡೆ ಹೋದಳು. ಜಯಮ್ಮ ತಲೆಯಾಡಿಸಿ, ಪಕ್ಕದ ನೆಲವನ್ನು ಎರಡು ಸಲ ತಟ್ಟಿದಳು. ಹಿಂದಿನ ದಿನ ನೆನೆಹಾಕಿದ್ದ ಅವರೆಕಾಳಿನ ಬೇಸಿನ್ನು ಮುಂದಿಟ್ಟು, ಹೆಬ್ಬೆರಳು ತೋರುಬೆರಳುಗಳ ನಡುವೆ ಕಾಳನ್ನು ಹಿತುಕಿ, ಸಿಪ್ಪೆಯಿಂದ ಬೇಳೆ ಹಾರಿಸುವುದನ್ನು ತೋರಿಸಿದಳು. ಸೋಫಿ ಹಿತುಕಿದ ಮೊದಲ ಬೇಳೆ ನೇರವಾಗಿ ನನ್ನ ಕನ್ನಡಕಕ್ಕೆ ಬಂದು ಬಡಿಯಿತು.

"ಏಯ್, ಮೆಲ್ಲಗೆ ಕಣೇ! ಕೈ ಅಡ್ಡ ಇಟ್ಕಳ್ಳೇ, ಬೇಳೆಯೆಲ್ಲ ನೆಲದ ಪಾಲು ಮಾಡ್ತೀಯಲ್ಲ!" ಎಂದು ಜಯಮ್ಮ ಗದರಿದಳು.

ಮಾತು ಅರ್ಥವಾಗಿರಲಾರದು. ಆದರೆ ಆರು ದಿನದ ಉಪಚಾರಕ್ಕೆ ಅರಳದ ಮುಖ ಆ ಒಂದು ಬೈಗುಳಕ್ಕೆ ಅರಳಿತು.

ಸೋಮವಾರ ಮಂಜುನಾಥರು ಕಾರು ತಂದರು. ಸೋಫಿ ನೆಲ ಬಿಟ್ಟು ಏಳಲಿಲ್ಲ. ಇನ್ನೂ ಅರ್ಧ ಮಂಕರಿ ಕಾಯಿ ಉಳಿದಿದೆ, ನಾಳೆ ಸಾರಿಗೆ ಬೇಕು ಎಂದು ಇಂಗ್ಲಿಷಿನಲ್ಲಿ ಕಾರಣ ಕೊಟ್ಟಳು. ಮೇಷ್ಟ್ರು ಒಮ್ಮೆ ಅವಳನ್ನು, ಒಮ್ಮೆ ಅವಳ ಅಕ್ಕಪಕ್ಕ ಕೂತಿದ್ದ ಜಯಮ್ಮ, ಮುನಿಯಮ್ಮರನ್ನು ನೋಡಿ, ತಾವೂ ಪ್ಯಾಂಟು ಮೇಲಕ್ಕೆಳೆದುಕೊಂಡು ರಾಶಿಯ ಮುಂದೆ ಕೂತರು. ಅವರ ಕೈಯೂ ಸುಲಿಯತೊಡಗಿತು.

ನನ್ನ ಕುರ್ಚಿ ನನಗೆ ವಾಪಸು ಬಂದಿತ್ತು. ಅದರಲ್ಲಿ ವಿಜಯಿಯಂತೆ ಕೂತು ಕೆಳಗೆ ನೋಡಿದೆ. ನಾಲ್ಕು ತಲೆಗಳು ಒಂದೆಡೆ, ನಾನು ಎರಡು ಮಾರು ಆಚೆ. ಅವರು ಏನಕ್ಕೋ ನಕ್ಕರು. ನಾನೂ ಒಂದಿಷ್ಟು ನಕ್ಕೆ. ಆಗ ಹೊಳೆಯಿತು: ನಿವೃತ್ತನಾದಾಗಿನಿಂದ ದಿನಚರಿ ಬರೆದಿದ್ದರೆ ನಾನೂ ಆರು ವರ್ಷ ಅದೊಂದೇ ಮಾತು ಬರೆಯುತ್ತಿದ್ದೆ.

ಮೆಲ್ಲಗೆ ಇಳಿದೆ. "ನಿಮಗ್ಯಾಕ್ರೀ, ಮಂಡಿ ನೋಯ್ತದೆ, ಮೇಲೇ ಕುಂತ್ಕಳಿ" ಎಂದಳು ಜಯಮ್ಮ. ಸೋಫಿ ಮಾತ್ರ ಒತ್ತಿಕೊಂಡು ಜಾಗ ಮಾಡಿ, ಒಂದು ಬೊಗಸೆ ಕಾಯಿ ನನ್ನ ಮುಂದೆ ಸುರಿದಳು. ಐದು ನಿಮಿಷ ಕಳೆದಿರಲಿಲ್ಲ. "ಏನ್ರೀ ಇದು, ಸಿಪ್ಪೆ ಒಳಕ್ಕೆ ಕಾಳು ಹಾಕ್ತಾ ಇದೀರಲ್ಲ, ಕಣ್ಣು ಎಲ್ಲಿಟ್ಟಿದೀರಿ?" ನಿವೃತ್ತಿಯ ದಿನ ಕೇಳಿದ ಅಷ್ಟೂ ಹೊಗಳಿಕೆಗಿಂತ ಅದು ಕಿವಿಗೆ ಹಿತವಾಗಿತ್ತು.

ಕುರ್ಚಿಯಲ್ಲಿ ಈಗ ಇಸ್ತ್ರಿಗೆ ಹೋಗಬೇಕಾದ ಬಟ್ಟೆಗಳು ಕೂರುತ್ತವೆ. ನೀವೇನಾದರೂ ನಮ್ಮ ಮನೆಗೆ ಬಂದಾಗ ಜಯಮ್ಮ ಅವನ್ನು ಅವಸರವಾಗಿ ತೆಗೆದು "ಬನ್ನಿ, ಮೇಲೆ ಕುಂತ್ಕಳಿ" ಎಂದರೆ, ಕಾಫಿ ಕುಡಿದು ಬೇಗ ಹೊರಡಿ. ಬೈದು ಕೆಳಗೆ ಕೂರಿಸಿದರೆ, ಊಟಕ್ಕೆ ನಿಲ್ಲಿ.