ಗ್ಯಾರೇಜಿನಲ್ಲಿಟ್ಟ ತಾಟು

ನಾನು ಓದಿದ್ದು ಏಳನೆಯ ಇಯತ್ತೆಯವರೆಗೆ. ನನ್ನ ತಂಗಿ ಬಹಳ ಓದಿದವಳು, ಸಿಯಾಟಲ್‌ನ ಒಂದು ಪ್ರಯೋಗಾಲಯದಲ್ಲಿದ್ದಾಳೆ. ಅಣುಬಾಂಬಿಗೆಂದು ಮಾಡಿ ಮಿಕ್ಕಿದ ಪ್ಲುಟೋನಿಯಮ್ಮನ್ನು ಪಿಂಗಾಣಿಯಂಥ ಕಲ್ಲಾಗಿಸಿ ನೆಲದಾಳದಲ್ಲಿ ಹೂಳುವುದು ಹೇಗೆಂದು ಹುಡುಕುವುದು ಅವಳ ಕೆಲಸ.

ಹೋದ ವರ್ಷ ಇಲ್ಲಿ ಅಮೆರಿಕದಲ್ಲಿ ನಾನು ಬಸುರಿಯಾದಾಗ, ಊರಿನಿಂದ ಬರಲು ಅವ್ವನಿಗೆ ವೀಸಾ ಸಿಗಲಿಲ್ಲ. "ನಾ ರಜಾ ಹಾಕತೀನಿ, ಬಾಣಂತನ ನಾನ ಮಾಡತೀನಿ" ಎಂದಳು ತಂಗಿ. ಅವಳನ್ನು ಬಿಟ್ಟರೆ ನನಗಿಲ್ಲಿ ಬೇರೆ ಹೆಣ್ಣುದಿಕ್ಕಿರಲಿಲ್ಲ.

ಆದರೂ ಆ ಲೋಹದ ಹೆಸರು ನೆನೆದರೆ, ಅದರ ವಿಷ ಅವಳ ಮೈಗಂಟಿ ಬಂದೀತೆಂದು ಹೊಟ್ಟೆಯಲ್ಲಿದ್ದ ಕೂಸಿನ ಚಿಂತೆ. ಪ್ರತಿ ಭಾನುವಾರ ಅವಳು ಬೆಲ್ವ್ಯೂದಿಂದ ಇಸ್ಸಾಕ್ವಾದ ನಮ್ಮ ಮನೆಗೆ ಊಟಕ್ಕೆ ಬರುತ್ತಿದ್ದಳು. ಹೋದ ಮೇಲೆ ಅವಳು ಉಂಡ ತಾಟು, ಕುಡಿದ ಲೋಟ ಬೇರೆಯಾಗಿ ತೊಳೆದು ಗ್ಯಾರೇಜಿನಲ್ಲಿಡುತ್ತಿದ್ದೆ. ಅವಳನ್ನೇ ಒಂದು ಮಾತು ಕೇಳಬಹುದಿತ್ತು. ದಡ್ಡಿ ಎಂದಾಳೆಂದು ಕೇಳಲಿಲ್ಲ.

ಒಂದು ಭಾನುವಾರ ಅಕ್ಕಿ ತರಲೆಂದು ಗ್ಯಾರೇಜಿಗೆ ಹೋದ ತಂಗಿ ಆ ತಾಟು ಹಿಡಿದುಕೊಂಡು ಬಂದಳು.

"ಕಾರ್ ಒರಸೂ ಅರಿವಿ ಬಾಜೂಕ ಇತ್ತು. ನಂದಲ್ಲೇನಿದು?"

ನನ್ನ ಮೋರೆ ನೋಡಿಯೇ ಅವಳಿಗೆ ತಿಳಿಯಿತು.

"ಊರಾಗ ಕೆಲಸದಾಕಿಗೆ ಹೊರಗ ಲೋಟ ಇಡತಿದ್ರಲ್ಲ, ನನಗೂ ಹಂಗ ಇಟ್ಟಿ ಅಕ್ಕಾ?"

ಕಾರಿನ ಕೀಲಿ ತೆಗೆದುಕೊಂಡಳು. ಇನ್ನು ಇವಳು ಬಾಣಂತನಕ್ಕೆ ಬರುವುದಿಲ್ಲ ಎನಿಸಿತು. ದೊಡ್ಡ ಹೊಟ್ಟೆ ಹೊತ್ತು ಬಾಗಿಲಿಗೆ ಅಡ್ಡ ನಿಂತೆ.

"ತಪ್ಪಾತು. ಕೂಸಿಗೆ ಏನರೆ ಆದೀತಂತ ಅಂಜಿದೆ. ನಿನ್ನ ಕೇಳಬೇಕಿತ್ತು."

"ಹಂಗಾರ ಈಗ ಕೇಳು."

ಕೇಳಿದೆ. ಅವರ ಪ್ರಯೋಗಾಲಯದಲ್ಲಿ ಪ್ಲುಟೋನಿಯಮ್ ಇಲ್ಲವೇ ಇಲ್ಲವಂತೆ. ಅದರ ಹಾಗೆಯೇ ಬೆರೆಯುವ ಬೇರೊಂದು ಲೋಹದಿಂದ ಬಿಲ್ಲೆ ಮಾಡಿ, ಸುಟ್ಟು, ಪರೀಕ್ಷಿಸುತ್ತಾರಂತೆ.

"ಕಲ್ಲಿನಾಗ ಇಡೂದಂದ್ರ ಜಾಡಿಯೊಳಗ ಉಪ್ಪಿನಕಾಯಿ ಇಟ್ಟಂಗೇನು?"

"ಅಲ್ಲ. ಹಿಟ್ಟಿನಾಗ ಉಪ್ಪು ನಾದಿ ರೊಟ್ಟಿ ಸುಟ್ಟಂಗ. ಸುಟ್ಟ ರೊಟ್ಟಿಯಿಂದ ಉಪ್ಪು ತಗದು ಕೊಡು ನೋಡೂಣು! ಮತ್ತ ಯಾರೂ ಅದನ್ನ ಸಲೀಸಾಗಿ ತಗದು ಬಾಂಬ್ ಮಾಡಬಾರದು, ನೀರು ಬಂದ್ರೂ ಕರಗಬಾರದು. ಇಂಥಾ ಕೂಸುಗಳ ಸಲುವಾಗೇ ಅಲ್ಲೇನ ಮಾಡೂದು?"

"ಬಾಣಂತನಕ್ಕ ಬರತೀಯಾ?"

ಕಾರಿನ ಕೀಲಿಯನ್ನು ಮೇಜಿನ ಮೇಲಿಟ್ಟಳು. "ಬರತೀನಿ. ಬಾಣಂತಿ ತಿನ್ನೂ ಅಂಟಿನುಂಡಿ ಮಾತ್ರ ನೀನ ಮಾಡಿಟ್ಟುಕೋ, ನನಗ ಬರಂಗಿಲ್ಲ."

ಬಂದಳು. ಮಾಡಿದ್ದು ನೆನಪಾದರೆ ಈಗಲೂ ನಾಚಿಕೆಯಾಗುತ್ತದೆ. ಆದರೆ ಅಂಜಿಕೆಯನ್ನು ಈಗ ನುಂಗಿಕೊಳ್ಳುವುದಿಲ್ಲ, ಅವಳನ್ನೇ ಕೇಳುತ್ತೇನೆ. ಮೊದಲ ದಿನ ಅವಳು ಕೂಸನ್ನು ಕಾಲ ಮೇಲೆ ಮಲಗಿಸಿಕೊಂಡು ಎರೆಯಲು ಕುಳಿತಾಗಲೂ ಕೇಳಿದೆ: "ನೀರು ಭಾಳ ಬಿಸಿ ಅದ ಏನ?"

"ದಿನಾ ಭಟ್ಟಿ ಮುಂದ ನಿಲ್ಲಾಕಿಗೆ ಬಿಸಿ ಹೇಳಿಕೊಡತಿಯೇನ ಅಕ್ಕಾ?" ಎಂದು ನಗುತ್ತ, ಮೊಣಕೈ ಅದ್ದಿ ನೋಡಿ, ಇನ್ನೊಂದು ಚೊಂಬು ತಣ್ಣೀರು ಬೆರೆಸಿದಳು.