ಫ್ರೀಜ್ ಮಾಡದೆ ಹೋದ ಕೋಶಗಳು

ಮೊನ್ನೆ ರಕ್ತಪರೀಕ್ಷೆಗೆ ಹೋದಾಗ ನರ್ಸ್ ತೋಳಿಗೆ ಸ್ಪಿರಿಟ್ ಒರೆಸಿದಳು. ಆ ವಾಸನೆಗೆ ವಡೋದರಾದ ಬೆನ್ ನೆನಪಾದರು. ಅವರ ಕೈಗೆ ಸದಾ ಅದೇ ವಾಸನೆ…

ಇಪ್ಪತ್ತು ವರ್ಷಕ್ಕೂ ಹಿಂದಿನ ಮಾತು. ಧಾರವಾಡದಿಂದ ಹೋದ ನಾನು ಅಲ್ಲಿನ ಪ್ರಯೋಗಾಲಯವೊಂದರಲ್ಲಿ ಎಂ.ಎಸ್ಸಿ. ಪ್ರಾಜೆಕ್ಟ್ ಮಾಡುತ್ತಿದ್ದೆ. ಅವರು ಅಲ್ಲಿ ಹಿರಿಯ ಟೆಕ್ನಿಷಿಯನ್, ಗುತ್ತಿಗೆ ನೌಕರಿ. ಎಲ್ಲರಿಗೂ ಬೆನ್, ಅಂದರೆ ಅಕ್ಕ. ಅದೇ ಊರಿನ ಮಾಂಜಲ್‌ಪುರ ಬಡಾವಣೆಯಿಂದ ಸ್ಕೂಟರಿನಲ್ಲಿ ಬರುತ್ತಿದ್ದರು. ಡಬ್ಬಿಯಲ್ಲಿ ನನಗೂ ಮೆಂತ್ಯಸೊಪ್ಪು ಹಾಕಿದ ಎರಡು ಥೇಪ್ಲಾ ರೊಟ್ಟಿ ಇರುತ್ತಿದ್ದವು.

ಹೈಬ್ರಿಡೋಮಾ ಎಂದರೇನೆಂದು ನನಗೆ ನಿಜವಾಗಿ ಅರ್ಥವಾದದ್ದು ಅವರಿಂದಲೇ. "ಇಲಿಯ ಗುಲ್ಮದ ಕೋಶಕ್ಕೆ ಪ್ರತಿಕಾಯ ಮಾಡೋದು ಗೊತ್ತು, ಹೆಚ್ಚು ದಿನ ಬದುಕೋದು ಗೊತ್ತಿಲ್ಲ. ಕ್ಯಾನ್ಸರ್ ಕೋಶಕ್ಕೆ ಸಾಯೋದೇ ಗೊತ್ತಿಲ್ಲ. ಎರಡನ್ನೂ ಬೆಸೆದುಬಿಟ್ಟರೆ ಆಯ್ತು ಬೇಟಾ," ಎಂದಿದ್ದರು ಹಿಂದಿಯಲ್ಲಿ. ಬೆಸೆದ ಮೇಲೆ ತಟ್ಟೆಯ ಒಂದೊಂದು ಗುಳಿಯಲ್ಲೂ ಒಂದೊಂದೇ ಕೋಶ ಬೀಳುವಂತೆ ಹಂಚಿ, ಯಾವ ಕೋಶ ನಮಗೆ ಬೇಕಾದ ಪ್ರತಿಕಾಯ ಕೊಡುತ್ತದೆಂದು ಹುಡುಕಬೇಕು. ನೂರಾರು ಗುಳಿಗಳಲ್ಲಿ ನಮಗೆ ಸಿಕ್ಕಿದ್ದು ಒಂದೇ ಒಂದು. ಅದಕ್ಕೇ ಎಂಟು ತಿಂಗಳು ಹಿಡಿದಿತ್ತು.

ಅದು ಬೆಳೆದು ಸಾಕಷ್ಟಾದ ಶನಿವಾರ ಬೆನ್ ಹೇಳಿದರು: "ಇವತ್ತೇ ಒಂದಿಷ್ಟು ಫ್ರೀಜ್ ಮಾಡಿಡು. ಏನಾದರೂ ಆದರೆ ಅದೇ ನಮಗೆ ಗತಿ."

ನಾನು ಹೂಂ ಎಂದೆ. ಮಧ್ಯಾಹ್ನ ಗೆಳತಿಯರು ಸೂರತ್‌ಗೆ ಹೊರಟಿದ್ದರು. ಸೋಮವಾರ ಮಾಡಿದರಾಯಿತು ಎಂದುಕೊಂಡು ನಾನೂ ರೈಲು ಹತ್ತಿದೆ.

ಸೋಮವಾರ ಇನ್‌ಕ್ಯುಬೇಟರ್ ತೆರೆದರೆ ತಟ್ಟೆ ತುಂಬ ಬೂಷ್ಟು. ಒಂದು ಕೋಶವೂ ಉಳಿದಿರಲಿಲ್ಲ.

ಪ್ರಯೋಗಾಲಯದ ಮುಖ್ಯಸ್ಥರಾಗಿದ್ದ ಸರ್ ನಮ್ಮಿಬ್ಬರನ್ನೂ ಕರೆದು ಕೇಳಿದರು: "ಫ್ರೀಜ್ ಯಾಕೆ ಮಾಡಿರಲಿಲ್ಲ?"

ಬೆನ್ ನನ್ನ ಕಡೆ ಒಮ್ಮೆ ನೋಡಿದರು. ನಾನು ನೆಲ ನೋಡಿದೆ.

"ಇವಳಿಗೆ ಹೇಳೋದು ಮರೆತೆ, ಸಾಹೇಬ್," ಎಂದರು.

ಆಗಲೂ ನಾನು ಬಾಯಿ ಬಿಡಲಿಲ್ಲ… ಮುಂದಿನ ತಿಂಗಳು ಅವರ ಗುತ್ತಿಗೆ ಮುಂದುವರಿಯಲಿಲ್ಲ. ಕೊನೆಯ ದಿನವೂ ನನಗೆ ಥೇಪ್ಲಾ ತಂದಿದ್ದರು. ನನಗೆ ತಿನ್ನಲಾಗಲಿಲ್ಲ.

ಈಗ ನಾನೇ ಹುಡುಗಿಯರಿಗೆ ಪಾಠ ಹೇಳುತ್ತೇನೆ. ರಕ್ತಪರೀಕ್ಷೆಯಿಂದ ಬಂದ ದಿನವೇ ಹಳೆಯ ಸಹಪಾಠಿಯೊಬ್ಬಳಿಂದ ಬೆನ್ ಮನೆಯ ನಂಬರ್ ಪಡೆದು ಫೋನ್ ಮಾಡಿದೆ. ಮಗಳು ಎತ್ತಿದಳು. ಅಮ್ಮ ತೀರಿಕೊಂಡು ಎರಡು ವರ್ಷವಾಯಿತು ಎಂದಳು.

ನಾನು ಯಾರೆಂದು ಹೇಳಿದೆ.

"ಓ, ಆ ಕನ್ನಡದ ಹುಡುಗಿಯಾ? ಅವಳ ಓದು ಮುಗಿಯಿತೋ ಇಲ್ಲವೋ ಅಂತ ಅಮ್ಮ ಆಗಾಗ ಅನ್ನುತ್ತಿದ್ದರು."

"ಮುಗಿಯಿತು," ಎಂದೆ. ಉಳಿದದ್ದನ್ನು ಕೇಳಿಸಿಕೊಳ್ಳಬೇಕಾದವರು ಇರಲಿಲ್ಲ.